ಸೆಪ್ಸಿಸ್ ಪ್ರಾಜೆಕ್ಟ್‌ಗೆ ಇಲಿಗೆ ಎಲ್‌ಪಿಎಸ್ ಕೊಟ್ಟರೆ ಸಾಕಾ, ಸಿಎಲ್‌ಪಿನೇ ಮಾಡಬೇಕಾ?

ಮಿಂಚೇರಿ_ಹುಡುಗಿ (ಬಳ್ಳಾರಿ)

ನಮಸ್ಕಾರ ಎಲ್ಲರಿಗೂ. ನಾನು ಎಂ.ಫಾರ್ಮ್ ಎರಡನೇ ವರ್ಷ, ಫಾರ್ಮಕಾಲಜಿ. ಥೀಸಿಸ್ ವಿಷಯ: ಸೆಪ್ಸಿಸ್‌ನಲ್ಲಿ (ಸೋಂಕಿನ ನಂಜು ಮೈಗೇರುವ ಸ್ಥಿತಿ) ಅಮೃತಬಳ್ಳಿ ಕಾಂಡದ ಸಾರ. ಗೈಡ್ ಹಾಕಿಕೊಟ್ಟಿರುವ ಪ್ಲ್ಯಾನ್ ಹೀಗಿದೆ. ಸ್ವಿಸ್ ಅಲ್ಬಿನೊ ಮೈಸ್‌ಗೆ ಒಂದು ವಾರ ಬಾಯಿಯಿಂದ ಸಾರ ಕುಡಿಸುವುದು. ಆಮೇಲೆ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಹೊಟ್ಟೆಯೊಳಗೆ ಎಲ್‌ಪಿಎಸ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ ವಿಷ (ಎಂಡೊಟಾಕ್ಸಿನ್). ಆರು ಗಂಟೆ ಬಿಟ್ಟು ರಕ್ತ ತೆಗೆದು ಟಿಎನ್‌ಎಫ್, ಐಎಲ್-6 (ಎರಡೂ ಉರಿಯೂತದ ಪ್ರೋಟೀನ್‌ಗಳು), ಕ್ರಿಯಾಟಿನಿನ್, ಲಿವರ್ ಟೆಸ್ಟ್. ಇನ್ನೊಂದು ಬ್ಯಾಚ್ ಸರ್ವೈವಲ್ ನೋಡುವುದಕ್ಕೆ.

ಐಎಇಸಿ (ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಕಾಲೇಜಿನ ಕಮಿಟಿ) ಮೀಟಿಂಗ್‌ನಲ್ಲಿ ಹೊರಗಿನಿಂದ ಬಂದಿದ್ದ ಮೆಂಬರ್ ಒಬ್ಬರು ನನ್ನ ಅರ್ಜಿ, ಫಾರ್ಮ್ ಬಿ, ತಿರುವಿ ಹಾಕಿ, “ಇದರಲ್ಲಿ ಬ್ಯಾಕ್ಟೀರಿಯಾನೇ ಇಲ್ವಲ್ಲಮ್ಮ, ಸೆಪ್ಸಿಸ್ ಹೆಂಗಾಯ್ತು? ಸಿಎಲ್‌ಪಿ ಯಾಕೆ ಮಾಡಲ್ಲ?” ಅಂದರು. ನನ್ನ ಬಾಯಿ ಕಟ್ಟಿಹೋಯ್ತು. ಹೊರಗೆ ಬಂದ ಮೇಲೆ ಗೈಡ್, “ಸಿಎಲ್‌ಪಿ ಅಂದ್ರೆ ಇಲಿಯ ಕರುಳು ಕಟ್ಟಿ ಚುಚ್ಚೋ ಆಪರೇಷನ್, ನಮ್ಮಲ್ಲಿ ಯಾರಿಗೂ ಕೈ ಪಳಗಿಲ್ಲ. ಸೀನಿಯರ್ಸ್ ಎಲ್ಲ ಎಲ್‌ಪಿಎಸ್ಸೇ ಮಾಡಿ ಪೇಪರ್ ಮಾಡಿದಾರೆ, ಹಂಗೇ ಬರೆದು ಕೊಡು” ಅಂದರು. ಈಗ ಕಮಿಟಿಗೆ ಲಿಖಿತ ಉತ್ತರ ಕೊಡಬೇಕು.

ಈ ವಿಷಯ ಹಿಡಿದಿದ್ದಕ್ಕೆ ಕಾರಣ ಬೇರೆ ಇದೆ. ಸಿರುಗುಪ್ಪದ ನಮ್ಮ ದೊಡ್ಡಪ್ಪ ಗದ್ದೆಯಲ್ಲಿ ಕಾಲಿಗೆ ಗಾಯ ಮಾಡಿಕೊಂಡು, ಅದು ಕೀವಾಗಿ, ಮೈಯೆಲ್ಲ ನಂಜೇರಿ ಐಸಿಯುನಲ್ಲಿ ತೀರಿಕೊಂಡರು. ಅಂಥವರ ಬಗ್ಗೆ ಈ ಇಲಿಗಳಿಂದ ನಿಜಕ್ಕೂ ಏನಾದರೂ ಗೊತ್ತಾಗುತ್ತದಾ? ಇಲ್ಲ ಅಂದ್ರೆ ಅಷ್ಟು ಜೀವ ತೆಗೆಯುವುದು ಯಾಕೆ ಅಂತ ಒಂದೊಂದು ಸಲ ಅನಿಸುತ್ತದೆ. ತಿಳಿದವರು ಹೇಳಿ.

ರಾಯಚೂರು ನೈಟ್‌ಡ್ಯೂಟಿ

ಫಾರ್ಮಕಾಲಜಿ ಓದಿ ಮರೆತು ಯಾವ ಕಾಲವಾಯ್ತೋ. ಬೆಡ್ ಪಕ್ಕ ನಿಂತು ನೋಡಿದ್ದನ್ನು ಹೇಳುತ್ತೇನೆ ತಂಗಿ.

ನಮ್ಮ ಐಸಿಯುಗೆ ಬರುವ ಸೆಪ್ಸಿಸ್ ಪೇಶೆಂಟ್ ಹೇಗಿರ್ತಾರೆ ಅಂದರೆ: ವಯಸ್ಸು ಐವತ್ತೈದು ಅರವತ್ತು ದಾಟಿರುತ್ತೆ, ಶುಗರ್ ಇರುತ್ತೆ, ಮಾತ್ರೆ ಬಿಟ್ಟು ತಿಂಗಳುಗಟ್ಟಲೆ ಆಗಿರುತ್ತೆ. ಮಾನ್ವಿ, ಸಿಂಧನೂರು ಕಡೆಯವರಾದರೆ ಕೆಸರಲ್ಲಿ ನಿಂತ ಕಾಲಿನ ಹುಣ್ಣು, ಇಲ್ಲಾ ಮೂತ್ರದ ಸೋಂಕು, ಇಲ್ಲಾ ನ್ಯುಮೋನಿಯಾ. ಮೊದಲ ದಿನ ಚಳಿಜ್ವರ. ಊರಲ್ಲೇ ಆರ್‌ಎಂಪಿ ಹತ್ತಿರ ಒಂದು ಇಂಜೆಕ್ಷನ್, ಒಂದು ಗ್ಲೂಕೋಸ್ ಬಾಟ್ಲಿ. ಎರಡನೇ ದಿನ ಒಂಚೂರು ಆರಾಮ. ಮೂರನೇ ದಿನ ಉಸಿರು ಮೇಲಕ್ಕೆ, ಮಾತು ತೊದಲು, ಉಚ್ಚೆ ಬಂದ್. ಆಗ ಗಾಡಿ ಮಾಡಿಕೊಂಡು ತರ್ತಾರೆ. ಬಿಪಿ ಹಿಡಿಯೋಕೂ ಸಿಗಲ್ಲ.

ನಾವು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆ್ಯಂಟಿಬಯೊಟಿಕ್ ಹಾಕಿ, ಕೆಜಿಗೆ 30 ಮಿಲಿ ಲೆಕ್ಕದಲ್ಲಿ ಫ್ಲೂಯಿಡ್ ಓಡಿಸಿ, ಆಗಲೂ ಬಿಪಿ ಏಳದಿದ್ದರೆ ನಾರ್‌ಅಡ್ರೆನಲಿನ್ ಹಚ್ಚುತ್ತೇವೆ. 2016ರಿಂದ ಸೆಪ್ಸಿಸ್ ಅಂದರೆ ಬರೀ ಸೋಂಕು ಪ್ಲಸ್ ಜ್ವರ ಅಲ್ಲ. ಸೋಂಕಿಗೆ ದೇಹ ತೋರಿಸುವ ಪ್ರತಿಕ್ರಿಯೆಯೇ ಹದ ತಪ್ಪಿ ಕಿಡ್ನಿ, ಶ್ವಾಸಕೋಶ, ಲಿವರ್ ಕೆಟ್ಟು ಪ್ರಾಣಕ್ಕೆ ಕುತ್ತು ಬಂದ ಸ್ಥಿತಿ.

ಈಗ ನಿನ್ನ ಪ್ಲ್ಯಾನ್‌ಗೆ ಬಾ. ಎಳೇ ವಯಸ್ಸಿನ ಆರೋಗ್ಯವಂತ ಇಲಿ, ಬ್ಯಾಕ್ಟೀರಿಯಾ ಇಲ್ಲ, ಆ್ಯಂಟಿಬಯೊಟಿಕ್ ಇಲ್ಲ, ಫ್ಲೂಯಿಡ್ ಇಲ್ಲ. ಔಷಧ ಮಾತ್ರ ಕಾಯಿಲೆಗಿಂತ ಒಂದು ವಾರ ಮೊದಲೇ ಹೊಟ್ಟೆ ಸೇರಿದೆ. ನನ್ನ ಪೇಶೆಂಟಿಗೆ ಮುಂದಿನ ಸೋಮವಾರ ಸೆಪ್ಸಿಸ್ ಆಗುತ್ತೆ ಅಂತ ಈ ಸೋಮವಾರ ಯಾರು ಬಂದು ಹೇಳ್ತಾರೆ?

ಡ್ಯೂಟಿ ಕರೀತಿದೆ. ಇಲಿ ವಿಷಯ ತಿಳಿದವರು ಬರೀಲಿ.

ಕಂಪ್ಲಿ ದನದ ಡಾಕ್ಟ್ರು

ರಾಯಚೂರು ಡಾಕ್ಟ್ರು ಅರ್ಧ ಉತ್ತರ ಕೊಟ್ಟುಬಿಟ್ಟರು. ಉಳಿದರ್ಧ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಮ್ಮ. ನಾನು ಪಶುವೈದ್ಯ. ಸರ್ಕಾರಿ ನೌಕರಿಯಲ್ಲಿ ದನ, ಕುರಿ ನೋಡಿ ರಿಟೈರ್ ಆದ ಮೇಲೆ ಒಂದು ಕಾಲೇಜಿನ ಅನಿಮಲ್ ಹೌಸ್ ನೋಡಿಕೊಂಡೆ, ಐಎಇಸಿಯಲ್ಲೂ ಕೂತೆ. ನಿನ್ನನ್ನು ಕೇಳಿದ ಪ್ರಶ್ನೆಯನ್ನ ಎಷ್ಟೋ ಹುಡುಗರಿಗೆ ನಾನೇ ಕೇಳಿದೀನಿ.

ಮೊದಲು ಡೋಸ್ ಲೆಕ್ಕ ಹಾಕು. ಇಪ್ಪತ್ತೈದು ಗ್ರಾಂ ಇಲಿಗೆ ಕೆಜಿಗೆ 10 ಮಿಲಿಗ್ರಾಂ ಅಂದರೆ ಕಾಲು ಮಿಲಿಗ್ರಾಂ ಎಲ್‌ಪಿಎಸ್. ಹೊರದೇಶದಲ್ಲಿ ಆರೋಗ್ಯವಂತ ವಾಲಂಟಿಯರ್‌ಗಳಿಗೆ ಎಲ್‌ಪಿಎಸ್ ಕೊಟ್ಟು ಅಭ್ಯಾಸ ಮಾಡ್ತಾರೆ, ಅಲ್ಲಿ ಕೆಜಿಗೆ 2ರಿಂದ 4 ನ್ಯಾನೊಗ್ರಾಂ. ಅಷ್ಟಕ್ಕೇ ಮನುಷ್ಯ ನಡುಗಿ, ಜ್ವರ ಬಂದು, ತಲೆನೋವು ಅಂತ ಮಲಗ್ತಾನೆ. ಅರವತ್ತು ಕೆಜಿ ಆಳಿಗೆ ಒಟ್ಟು 240 ನ್ಯಾನೊಗ್ರಾಂ ಆಯ್ತು. ಅಂದರೆ ನಿನ್ನ ಬೊಗಸೆಯಲ್ಲಿ ಕೂರುವ ಇಲಿಗೆ ನೀನು ಕೊಡೋದು ಒಬ್ಬ ಪೂರ್ತಿ ಆಳಿಗೆ ಕೊಡೋದರ ಸಾವಿರ ಪಟ್ಟು. ಕೆಜಿ ಲೆಕ್ಕಕ್ಕಲ್ಲ, ಒಟ್ಟು ತೂಕದಲ್ಲಿ! 1993ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕೇಸ್ ಬಂದಿತ್ತು. ಲ್ಯಾಬ್‌ನಲ್ಲಿ ಕೆಲಸ ಮಾಡೋ ಮನುಷ್ಯ, ತನ್ನ ಗೆಡ್ಡೆ ವಾಸಿ ಮಾಡ್ಕೋತೀನಿ ಅಂತ ಸಾಲ್ಮೊನೆಲ್ಲಾದ ಎಂಡೊಟಾಕ್ಸಿನ್ 1 ಮಿಲಿಗ್ರಾಂ ತಾನೇ ಚುಚ್ಚಿಕೊಂಡ. ಶಾಕ್‌ಗೆ ಹೋಗಿ, ಅಂಗಾಂಗ ಕೈಕೊಟ್ಟು, ಐಸಿಯು ಸೇರಿ ಹೇಗೋ ಬದುಕಿದ. ಒಂದು ಮಿಲಿಗ್ರಾಂ ಅಂದರೆ ನಿನ್ನ ನಾಲ್ಕು ಇಲಿಗಳ ಡೋಸ್. ಈ ವಿಷಯದಲ್ಲಿ ಇಲಿ ಬಹಳ ಗಟ್ಟಿ ಪ್ರಾಣಿ, ನಾವು ಬಹಳ ಮೆತ್ತಗೆ.

ಇನ್ನು ಮೊದಲೇ ಔಷಧ ಕೊಡೋ ಚಾಳಿ. ಇದರ ಹಿಂದೆ ದೊಡ್ಡ ಕಥೆ ಇದೆ. 1985ರಲ್ಲಿ ಬ್ಯೂಟ್ಲರ್, ಸೆರಾಮಿ ತಂಡದವರು ಟಿಎನ್‌ಎಫ್ ವಿರುದ್ಧದ ಆ್ಯಂಟಿಬಾಡಿಯನ್ನ ಇಲಿಗಳಿಗೆ ಮುಂಚೆಯೇ ಕೊಟ್ಟು ಆಮೇಲೆ ಎಲ್‌ಪಿಎಸ್ ಕೊಟ್ಟರು. ಇಲಿಗಳು ಉಳಿದವು. 1987ರಲ್ಲಿ ಬಬೂನ್‌ಗಳಿಗೆ ಜೀವಂತ ಇ. ಕೋಲಿ ಬ್ಯಾಕ್ಟೀರಿಯಾ ಹರಿಸಿ ನೋಡಿದರು. ಎರಡು ಗಂಟೆ ಮೊದಲು ಆ್ಯಂಟಿಬಾಡಿ ಕೊಟ್ಟರೆ ಪೂರ್ತಿ ರಕ್ಷಣೆ. ಒಂದೇ ಗಂಟೆ ಮೊದಲು ಕೊಟ್ಟರೆ ಶಾಕ್ ತಪ್ಪಿತು, ಅಂಗಾಂಗ ಕೆಡೋದು ತಪ್ಪಲಿಲ್ಲ. ಒಂದು ಗಂಟೆ ಆಚೀಚೆಗೆ ಇಷ್ಟು ವ್ಯತ್ಯಾಸ ಅಂತ ಆ ಪೇಪರಲ್ಲೇ ಇತ್ತು, ಆದರೂ ಕಂಪನಿಗಳು ಮನುಷ್ಯರ ಟ್ರಯಲ್‌ಗೆ ಇಳಿದವು. ಒಂದಾದ ಮೇಲೊಂದು ಮಗುಚಿಕೊಂಡವು. 1996ರಲ್ಲಿ ಬಂದ ಒಂದು ಟ್ರಯಲ್‌ನಲ್ಲಿ ಟಿಎನ್‌ಎಫ್ ಹಿಡಿದುಹಾಕೋ ಪ್ರೋಟೀನ್ ಕೊಟ್ಟರು. ಏನೂ ಕೊಡದ ಗುಂಪಲ್ಲಿ ಸತ್ತವರು ನೂರಕ್ಕೆ 30, ದೊಡ್ಡ ಡೋಸ್ ತಗೊಂಡವರಲ್ಲಿ 53. ಔಷಧ ಜಾಸ್ತಿಯಾದಷ್ಟೂ ಸಾವು ಜಾಸ್ತಿ. ನಿಜವಾದ ಸೋಂಕು ಇದ್ದಾಗ ಟಿಎನ್‌ಎಫ್ ಬ್ಯಾಕ್ಟೀರಿಯಾ ಜೊತೆ ಹೊಡೆದಾಡೋಕೂ ಬೇಕು. ಎಲ್‌ಪಿಎಸ್ ಇಲಿಯಲ್ಲಿ ಹೊಡೆದಾಡೋಕೆ ಬ್ಯಾಕ್ಟೀರಿಯಾನೇ ಇಲ್ಲ. ಹಂಗಾಗಿ ಅದನ್ನ ತಡೆದರೆ ಲಾಭವೇ ಕಾಣುತ್ತೆ, ನಷ್ಟ ಕಾಣೋಲ್ಲ. ಸಿಎಲ್‌ಪಿ ಇಲಿಗಳಲ್ಲಿ ಅದೇ ಆ್ಯಂಟಿಬಾಡಿ ಕೊಟ್ಟಾಗ ಉಳಿಸಲಿಲ್ಲ ಅಂತ 1992ರ ಹೊತ್ತಿಗೇ ಬಂದಿತ್ತು. ಯಾರು ಕೇಳ್ತಾರೆ.

ಸಿಎಲ್‌ಪಿ ಏನು ಅಂತ ನಿನಗೆ ಪುಸ್ತಕದಲ್ಲಿ ಗೊತ್ತಿರುತ್ತೆ, ಕಣ್ಣಾರೆ ಕಂಡಿರಲಿಕ್ಕಿಲ್ಲ. ಅರಿವಳಿಕೆ ಕೊಟ್ಟ ಇಲಿಯ ಹೊಟ್ಟೆ ಮಧ್ಯದಲ್ಲಿ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ ಸೀಳು. ಸೀಕಮ್ ಅಂತ ಕರುಳಿನ ಚೀಲ ಇರುತ್ತಲ್ಲ, ಇಲಿಯಲ್ಲಿ ಅದು ದೊಡ್ಡದು, ಬೂದು ಹಸಿರು ಬಣ್ಣ, ಮುಟ್ಟಿದರೆ ಹಿಟ್ಟು ತುಂಬಿದ ಹಾಗೆ. ಅದನ್ನ ಮೆಲ್ಲಗೆ ಹೊರಗೆ ಎಳೆದು, ಸಣ್ಣ ಕರುಳಿನ ದಾರಿ ಮುಚ್ಚದ ಹಾಗೆ ದಾರ ಬಿಗಿದು, ಸೂಜಿಯಿಂದ ಆರಪಾರ ಚುಚ್ಚಿ, ಒಂದು ಚೂರು ಲದ್ದಿ ಹೊರಗೆ ಬರೋ ಹಾಗೆ ಒತ್ತಿ, ಒಳಗೆ ಹಾಕಿ ಹೊಲಿಗೆ. ಚರ್ಮದಡಿ ಬೆಚ್ಚನೆ ಸಲೈನ್. ಅಪೆಂಡಿಕ್ಸ್ ಒಡೆದವನ ಹೊಟ್ಟೆಯಲ್ಲಿ ಆಗೋದು ಏನೋ ಹೆಚ್ಚುಕಡಿಮೆ ಅದೇ: ತನ್ನದೇ ಕರುಳಿನ ಹತ್ತಾರು ಜಾತಿ ಬ್ಯಾಕ್ಟೀರಿಯಾ, ಜೊತೆಗೆ ಸತ್ತ ಕರುಳಿನ ತುಂಡು. 1980ರಿಂದ ಇದೇ ಮಾದರಿ ಹೆಚ್ಚು ಬಳಕೆಯಲ್ಲಿದೆ.

ಆದರೆ ನಿಮ್ಮ ಗೈಡ್ ಹೇಳಿದ್ದರಲ್ಲೂ ಹುರುಳಿದೆ. ದಾರ ಎಲ್ಲಿ ಬಿಗಿದೆ, ಸೂಜಿ ಎಷ್ಟು ಗೇಜ್, ಲದ್ದಿ ಎಷ್ಟು ಬಂತು, ಇದರ ಮೇಲೆ ಇಲಿಯ ಹಣೆಬರಹ. ತುದಿಯಲ್ಲಿ ಸ್ವಲ್ಪವೇ ಕಟ್ಟಿದರೆ ಬಹಳಷ್ಟು ಬದುಕುತ್ತವೆ. ಬುಡದ ಹತ್ತಿರ ಕಟ್ಟಿ ದಪ್ಪ ಸೂಜಿ ಚುಚ್ಚಿದರೆ ಮೂರ್ನಾಲ್ಕು ದಿನದಲ್ಲಿ ಪಂಜರ ಖಾಲಿ. ಕೆಲವು ಇಲಿಗಳಲ್ಲಿ ಕೊಬ್ಬಿನ ಪದರ ಬಂದು ಸುತ್ತಿಕೊಂಡು ಬರೀ ಕೀವಿನ ಗಡ್ಡೆ ಆಗಿ ನಿಲ್ಲುತ್ತೆ. ಒಂದೇ ಕೈ ಎಲ್ಲಾ ಇಲಿಗಳನ್ನೂ ಮಾಡಬೇಕು, ಅದೂ ಯಾವುದು ಔಷಧದ ಗುಂಪು ಅಂತ ಆ ಕೈಗೆ ಗೊತ್ತಿರಬಾರದು. ಹೊಟ್ಟೆ ಸೀಳಿ ಸುಮ್ಮನೆ ಹೊಲಿಯೋ ಶ್ಯಾಮ್ ಗುಂಪು ಬೇಕು. ಅರಿವಳಿಕೆಗೆ ಬಳಸೋ ಕೆಟಮಿನ್ ಷೆಡ್ಯೂಲ್ ಎಕ್ಸ್ ಅನ್ನೋ ಬಿಗಿ ನಿಯಂತ್ರಣದ ಔಷಧ ಪಟ್ಟಿಯಲ್ಲಿದೆ, ನಿಮ್ಮ ಕಾಲೇಜಿಗೆ ಲೈಸೆನ್ಸ್ ಇದೆಯಾ ಕೇಳಿಕೋ. ಎಂ.ಫಾರ್ಮ್‌ನ ಕೊನೆ ವರ್ಷದಲ್ಲಿ, ಕಲಿಸೋರಿಲ್ಲದೆ, ಇದನ್ನ ಶುರು ಮಾಡು ಅಂತ ನಾನಂತೂ ಹೇಳಲ್ಲ. ಕಲಿಕೆಗೆ ಅಂತಲೇ ಎಷ್ಟೋ ಇಲಿ ಹೋಗುತ್ತವೆ.

ಹಾಗಾದರೆ ಏನು ಮಾಡೋದು? ಪ್ರಶ್ನೆಯನ್ನ ಸಣ್ಣದು ಮಾಡು. “ಎಂಡೊಟಾಕ್ಸಿನ್‌ನಿಂದ ಏಳುವ ಉರಿಯೂತವನ್ನು ಅಮೃತಬಳ್ಳಿ ತಗ್ಗಿಸುತ್ತದೆಯೇ” ಅಂತ ಬರಿ, ಸೆಪ್ಸಿಸ್ ಗುಣ ಮಾಡ್ತೀನಿ ಅಂತ ಬರೀಬೇಡ. 2017ರಲ್ಲಿ ವಿಯೆನ್ನಾದಲ್ಲಿ ಸೆಪ್ಸಿಸ್ ಮಾದರಿಗಳ ಮೇಲೆ ಕೆಲಸ ಮಾಡೋರೆಲ್ಲ ಕೂತು ಕನಿಷ್ಠ ನಿಯಮ ಮಾಡಿದರು, ಮರುವರ್ಷ ಪ್ರಕಟವಾಯ್ತು, ಎಂಕ್ಯೂಟಿಪ್ಸ್ ಅಂತಾರೆ. ಬರೀ ಎಲ್‌ಪಿಎಸ್ ಕೊಡೋದು ಮನುಷ್ಯರ ಸೆಪ್ಸಿಸ್‌ಗೆ ತಕ್ಕ ಮಾದರಿ ಅಲ್ಲ ಅಂತ ಅದರಲ್ಲೇ ಇದೆ. ಚಿಕಿತ್ಸೆ ಕಾಯಿಲೆ ಶುರುವಾದ ಮೇಲೆ ಕೊಡಿ, ಫ್ಲೂಯಿಡ್ ಕೊಡಿ, ಆ್ಯಂಟಿಬಯೊಟಿಕ್ ಕೊಡಿ ಅಂತಲೂ ಇದೆ. ಅದನ್ನ ತೆಗೆದು ಓದಿ ಉತ್ತರದಲ್ಲಿ ಹಾಕು. ಆ ಮೆಂಬರ್‌ಗೆ ಖುಷಿಯಾಗುತ್ತೆ.

ನಿನ್ನ ಪ್ಲ್ಯಾನ್‌ನಲ್ಲಿ ಇನ್ನೊಂದು ತೂತು: ಟಿಎನ್‌ಎಫ್ ಒಂದೊಂದೂವರೆ ಗಂಟೆಗೆ ತುತ್ತತುದಿಗೆ ಏರಿ ಇಳಿದುಬಿಡುತ್ತೆ. ಆರು ಗಂಟೆಗೆ ರಕ್ತ ತೆಗೆದರೆ ಎಲ್ಲಾ ಗುಂಪಲ್ಲೂ ತಳದಲ್ಲೇ ಇರುತ್ತೆ. ಕಿಟ್ ದುಡ್ಡು ದಂಡ. ಅದನ್ನ ಮುಂಚೆ ತೆಗಿ, ಐಎಲ್-6 ಆರು ಗಂಟೆಗೆ ಸಿಗುತ್ತೆ.

ಸಂಡೂರು ಸೀನ

ಇಷ್ಟೆಲ್ಲ ಯಾಕ್ರಿ ಡಾಕ್ಟ್ರೇ? 2013ರಲ್ಲೇ ಪಿಎನ್‌ಎಎಸ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಮನುಷ್ಯರಲ್ಲಿ ಸುಟ್ಟಗಾಯ, ಪೆಟ್ಟು, ಎಂಡೊಟಾಕ್ಸಿನ್ ಮೂರರಲ್ಲೂ ಏರಿಳಿಯೋ ಜೀನ್‌ಗಳನ್ನ ಇಲಿಯ ಜೀನ್‌ಗಳ ಜೊತೆ ಹೋಲಿಸಿದರೆ ಹೊಂದಿಕೆ ಸೊನ್ನೆಯ ಆಸುಪಾಸು. ಚೀಟಿ ಎತ್ತಿದ ಹಾಗೆ. ಇಲಿ ಬಿಟ್ಟುಬಿಡಿ, ಜೀವಕೋಶದಲ್ಲಿ ಮಾಡಿ. ನಮ್ಮ ದೇಶದ ಔಷಧ ನಿಯಮವೇ 2023ರಲ್ಲಿ ಪ್ರಾಣಿ ಇಲ್ಲದ ವಿಧಾನಗಳಿಗೆ ಬಾಗಿಲು ತೆರೆದಿದೆ.

ಕಂಪ್ಲಿ ದನದ ಡಾಕ್ಟ್ರು

ಸೀನಣ್ಣ, ಆ ಪೇಪರ್ ಓದಿದೀನಿ. ಅದಾದ ಮರುವರ್ಷವೇ ಜಪಾನಿನ ತಕಾವೊ, ಮಿಯಾಕಾವ ಅಂತ ಇಬ್ಬರು ಅದೇ ಪತ್ರಿಕೆಯಲ್ಲಿ, ಅದೇ ಡೇಟಾ ಇಟ್ಕೊಂಡು, ಮನುಷ್ಯ ಇಲಿ ಎರಡರಲ್ಲೂ ಬದಲಾದ ಜೀನ್‌ಗಳನ್ನ ಮಾತ್ರ ಆರಿಸಿ ಲೆಕ್ಕ ಹಾಕಿ, ಹೊಂದಿಕೆ ಚೆನ್ನಾಗೇ ಇದೆ ಅಂತ ಬರೆದರು. ಒಂದೇ ಡೇಟಾ, ಎರಡು ತೀರ್ಪು. ನನ್ನ ಮಟ್ಟಿಗೆ ಇಬ್ಬರೂ ಸ್ವಲ್ಪ ಹೆಚ್ಚೇ ಎಳೆದಿದ್ದಾರೆ.

ಎಲ್‌ಪಿಎಸ್ ಇಲಿ ದಂಡ ಅನ್ನೋ ಹಾಗೂ ಇಲ್ಲ. ಸಿ3ಎಚ್/ಎಚ್‌ಇಜೆ ಅಂತ ಒಂದು ತಳಿ, ಅದಕ್ಕೆ ಎಷ್ಟು ಎಲ್‌ಪಿಎಸ್ ಚುಚ್ಚಿದರೂ ಜಗ್ಗಲ್ಲ. ಯಾಕೆ ಅಂತ ಹುಡುಕಿಕೊಂಡು ಹೋಗಿಯೇ 1998ರಲ್ಲಿ ಟಿಎಲ್‌ಆರ್4 ಅನ್ನೋ ರಿಸೆಪ್ಟರ್ ಸಿಕ್ಕಿದ್ದು. ಬ್ಯಾಕ್ಟೀರಿಯಾ ಬಂದಿದೆ ಅಂತ ದೇಹಕ್ಕೆ ಗೊತ್ತಾಗೋ ಬಾಗಿಲು ಅದು. ಬ್ಯೂಟ್ಲರ್‌ಗೆ 2011ರಲ್ಲಿ ನೊಬೆಲ್ ಬಂತು. ಅದೇ ಬಾಗಿಲನ್ನ ಮುಚ್ಚೋ ಎರಿಟೊರಾನ್ ಅನ್ನೋ ಔಷಧ ಮಾಡಿದರು, 2013ರ ಹೊತ್ತಿಗೆ ಮನುಷ್ಯರಲ್ಲಿ ಅದೂ ಸೋತಿತು. ರೋಗ ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ಇಲಿ ಬಹಳ ಕೊಟ್ಟಿದೆ. ಯಾವ ಔಷಧ ನಡೆಯುತ್ತೆ ಅಂತ ಕೇಳಿದಾಗ ಕೈಕೊಟ್ಟಿದೆ.

ಪ್ರಾಣಿ ಆರಿಸೋದರಲ್ಲೇ ಅರ್ಧ ಉತ್ತರ ಇರುತ್ತೆ ಅನ್ನೋದಕ್ಕೆ ನಮ್ಮ ಗದ್ದೆಯದೇ ಉದಾಹರಣೆ ಕೊಡ್ತೀನಿ. ಇಲಿಜ್ವರದ ಲೆಪ್ಟೊಸ್ಪೈರಾವನ್ನ ಗದ್ದೆ ಇಲಿ ತನ್ನ ಕಿಡ್ನಿಯಲ್ಲಿ ಇಟ್ಕೊಂಡು ಆರಾಮ ಓಡಾಡಿಕೊಂಡಿರುತ್ತೆ. ಅದರ ಉಚ್ಚೆ ಸೇರಿದ ನೀರಲ್ಲಿ ನಿಂತ ಆಳಿಗೆ ಕಾಮಾಲೆ, ಕಿಡ್ನಿ ಫೇಲ್. ಈ ಕಾಯಿಲೆಯ ತೀವ್ರ ರೂಪ ನೋಡಬೇಕಂದರೆ ಲ್ಯಾಬ್‌ನವರು ಇಲಿ ಬಿಟ್ಟು ಹ್ಯಾಮ್‌ಸ್ಟರ್ ಹಿಡೀತಾರೆ. ಅದು ಸಾಯುತ್ತೆ. ಎಂಡೊಟಾಕ್ಸಿನ್‌ಗೆ ನಮ್ಮ ಕುರಿ ಮನುಷ್ಯನಿಗೆ ಹತ್ತಿರ, ಕೆಜಿಗೆ ಮೈಕ್ರೊಗ್ರಾಂ ಲೆಕ್ಕದಲ್ಲೇ ಹಾಸಿಗೆ ಹಿಡಿಯುತ್ತೆ. ಮೆಲ್ಬರ್ನ್‌ನ ಫ್ಲೋರಿ ಸಂಸ್ಥೆಯವರು ಕುರಿಗಳಿಗೆ ಇ. ಕೋಲಿ ಹರಿಸಿ, ಐಸಿಯು ಪೇಶೆಂಟ್ ಥರ ಫ್ಲೂಯಿಡ್, ನಾರ್‌ಅಡ್ರೆನಲಿನ್ ಹಚ್ಚಿ ನೋಡ್ತಾರೆ. ಆದರೆ ಕುರಿಯ ಶ್ವಾಸಕೋಶದ ರಕ್ತನಾಳದೊಳಗೇ ಕಾವಲು ಕೋಶಗಳು ಕೂತಿರುತ್ತವೆ, ಆರೋಗ್ಯವಂತ ಮನುಷ್ಯನಲ್ಲಿ ಇಲ್ಲ. ಅದಕ್ಕೆ ಕುರಿಗೆ ಮೊದಲ ಏಟು ಶ್ವಾಸಕೋಶಕ್ಕೆ. ಯಾವ ಪ್ರಾಣಿಯೂ ಮನುಷ್ಯನ ನಕಲು ಅಲ್ಲ.

ಜೀವಕೋಶದಲ್ಲಿ ಬಿಪಿ ಇಳಿಯೋಲ್ಲ ಸೀನಣ್ಣ, ಕಿಡ್ನಿ ನಿಲ್ಲೋಲ್ಲ. ಮೊದಲ ಜರಡಿಗೆ ಅದು ಸರಿ.

ಮಿಂಚೇರಿ_ಹುಡುಗಿ

ಸರ್, ತುಂಬಾ ಥ್ಯಾಂಕ್ಸ್. ಗೈಡ್‌ಗೆ ತೋರಿಸಿದೆ. ಮೊದಲು ಮುಖ ಗಂಟಿಕ್ಕಿದರು, ಟಿಎನ್‌ಎಫ್ ಟೈಮಿಂಗ್ ಓದಿ ಸುಮ್ಮನಾದರು. ಎರಡು ಡೌಟ್: ಸಾರವನ್ನ ಬಾಯಿಯಿಂದ ಕೊಡೋ ಬದಲು ಇಂಜೆಕ್ಷನ್ ಮಾಡಿದರೆ ಎಲ್‌ಪಿಎಸ್ ಆದ ಮೇಲೆ ಬೇಗ ಕೆಲಸ ಮಾಡುತ್ತಾ? ಇನ್ನೊಂದು, ನಾನು ಹೊಸಪೇಟೆಯಿಂದ ದಿನಾ ಟ್ರೈನ್‌ನಲ್ಲಿ ಬರೋದು, ಒಂದೊಂದು ದಿನ ಒಂದೊಂದು ಟೈಮ್‌ಗೆ ಮುಟ್ಟುತ್ತೇನೆ. ಅದರಿಂದ ತೊಂದರೆ ಇದೆಯಾ?

ಕಂಪ್ಲಿ ದನದ ಡಾಕ್ಟ್ರು

ಎರಡನೇದು ಮೊದಲು. ಇದೆ, ಬಹಳ ಇದೆ. ದಿನದ ಯಾವ ಹೊತ್ತಿಗೆ ಎಂಡೊಟಾಕ್ಸಿನ್ ಕೊಟ್ಟೆ ಅನ್ನೋದರ ಮೇಲೆ ಎಷ್ಟು ಇಲಿ ಸಾಯುತ್ತವೆ ಅನ್ನೋದು ಬದಲಾಗುತ್ತೆ ಅಂತ ಹಾಲ್‌ಬರ್ಗ್ 1960ರಲ್ಲೇ ತೋರಿಸಿದಾನೆ. ಒಂದು ಟೈಮ್ ಹಿಡಿ, ಅದರಲ್ಲೇ ಎಲ್ಲಾ ಗುಂಪು ಮುಗಿಸು. ಕಂಟ್ರೋಲ್ ಇವತ್ತು ಬೆಳಿಗ್ಗೆ, ಔಷಧದ ಗುಂಪು ನಾಳೆ ಮಧ್ಯಾಹ್ನ ಅಂತ ಮಾಡಬೇಡ. ರೈಲು ನಂಬ್ಕೋಬೇಡ, ಹಿಂದಿನ ದಿನವೇ ಬಂದು ಗೆಳತಿ ರೂಮಲ್ಲಿ ಉಳ್ಕೋ.

ಸಾರದ ಇಂಜೆಕ್ಷನ್ ಬೇಡವೇ ಬೇಡ. ಬೇಲಿ ಮೇಲಿಂದ ಕಿತ್ತು ತಂದ ಬಳ್ಳಿ, ಅದರ ಮೇಲೆ ಬ್ಯಾಕ್ಟೀರಿಯಾ ಇರುತ್ತವೆ. ಕುದಿಸಿದರೆ ಅವು ಸಾಯ್ತಾವೆ, ಅವುಗಳ ಎಂಡೊಟಾಕ್ಸಿನ್ ಸಾಯಲ್ಲ. ಸ್ವಲ್ಪ ಸ್ವಲ್ಪ ಎಂಡೊಟಾಕ್ಸಿನ್ ಮುಂಚೆ ಚುಚ್ಚಿದ ಇಲಿ ಆಮೇಲಿನ ದೊಡ್ಡ ಡೋಸ್‌ಗೆ ಸಾಯೋಲ್ಲ, ಒಗ್ಗಿಹೋಗಿರುತ್ತೆ. ಆಗ ನೀನು ಅಮೃತಬಳ್ಳಿ ಉಳಿಸ್ತು ಅಂತ ಬರೀತೀಯ, ಉಳಿಸಿದ್ದು ಬಳ್ಳಿ ಮೇಲಿನ ಕೊಳೆ. “ಇಮ್ಯುನೊಮಾಡ್ಯುಲೇಟರ್” (ರೋಗನಿರೋಧಕ ಶಕ್ತಿಯನ್ನ ಹದ ಮಾಡೋದು) ಅಂತ ಬರೋ ಎಷ್ಟೋ ಪೇಪರ್ ಓದುವಾಗ ನನಗೆ ಮೊದಲು ಬರೋ ಅನುಮಾನ ಇದು. ಬಾಯಿಯಿಂದಲೇ ಕೊಡು, ಬಾಯಿಯಿಂದ ಹೊಟ್ಟೆಗೆ ಔಷಧ ಬಿಡೋ ಗವಾಜ್ ಸೂಜಿ ಕೈಗೆ ಕೂರೋವರೆಗೆ ಸಲೈನ್‌ನಲ್ಲಿ ಅಭ್ಯಾಸ ಮಾಡು. ಸಾಧ್ಯವಾದರೆ ಸಾರವನ್ನ, ಅದರಲ್ಲಿ ಎಂಡೊಟಾಕ್ಸಿನ್ ಎಷ್ಟಿದೆ ಅಂತ ತೋರಿಸೋ ಎಲ್‌ಎಎಲ್ ಟೆಸ್ಟ್‌ಗೂ ಕಳಿಸು. ಎಲ್‌ಪಿಎಸ್ ಬಾಟ್ಲಿಯ ಸೀರೋಟೈಪ್, ಲಾಟ್ ನಂಬರ್ ಬರೆದಿಟ್ಕೋ. ಲಾಟ್ ಬದಲಾದರೆ ಅದೇ ಮಿಲಿಗ್ರಾಂ ಅದೇ ಕೆಲಸ ಮಾಡಲ್ಲ.

ಅಮೃತಬಳ್ಳಿ ಹೊಸ ವಿಷಯವೂ ಅಲ್ಲ. ಮುಂಬೈನ ಕೆಇಎಂ ಆಸ್ಪತ್ರೆಯವರು ಇ. ಕೋಲಿ ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಸೋಂಕು) ಮಾಡಿದ ಇಲಿಗಳಲ್ಲಿ ಇದನ್ನ ನೋಡಿ 1992ರಲ್ಲೇ ಬರೆದಿದ್ದಾರೆ. ಜೀವಂತ ಬ್ಯಾಕ್ಟೀರಿಯಾ ಇಟ್ಟೇ ಮಾಡಿದ್ದು. ಅದನ್ನ ಓದದೆ ವೈವಾಗೆ ಹೋಗಬೇಡ.

ಈಗ ಯಾರೂ ಕೇಳದ ವಿಷಯ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ. ಬಳ್ಳಾರಿಯಲ್ಲಿ ಕೂತು ಹೇಳಿದರೆ ನಗ್ತೀಯ: ನಿನ್ನ ಇಲಿಗಳಿಗೆ ಚಳಿ ಆಗ್ತಿರುತ್ತೆ. ನಮಗೆ ಹಿತ ಅನಿಸೋ 22 ಡಿಗ್ರಿ ಎಸಿಯಲ್ಲಿ ಅವನ್ನ ಇಡ್ತೀವಿ. ಇಲಿಗೆ ಹಿತವಾಗಿರೋದು ಸುಮಾರು 30. ತಂಪು ರೂಮಲ್ಲಿ ಎಲ್‌ಪಿಎಸ್ ಕೊಟ್ಟರೆ ಮೈ ತಣ್ಣಗಾಗುತ್ತೆ, 30ರಲ್ಲಿ ಕಡಿಮೆ ಡೋಸ್ ಕೊಟ್ಟು ನೋಡಿದರೆ ಮನುಷ್ಯರ ಹಾಗೆ ಜ್ವರ ಬರುತ್ತೆ. ಒಂದೇ ಪ್ರಾಣಿ, ಒಂದೇ ವಿಷ, ರೂಮ್ ಬೇರೆಯಾದರೆ ಕಾಯಿಲೆಯೇ ಬೇರೆ. ಈಗ ನಮ್ಮೂರ ಏಪ್ರಿಲ್ ಜೋಡಿಸು. ನಾನಿದ್ದ ಕಡೆ ಒಂದು ಮಧ್ಯಾಹ್ನ ಕರೆಂಟ್ ಹೋಯ್ತು, ಜನರೇಟರ್‌ಗೆ ಡೀಸೆಲ್ ಹಾಕಿಸಿರಲಿಲ್ಲ. ಹೊರಗೆ 41. ಸಂಜೆ ಹೊತ್ತಿಗೆ ಒಳಗೆ ಹೋದರೆ, ಒಂದರ ಮೇಲೊಂದು ಮುದ್ದೆಯಾಗಿ ಮಲಗೋ ಇಲಿಗಳು ದೂರ ದೂರ ಹೊಟ್ಟೆ ಹಚ್ಚಿ ಚಾಚಿಕೊಂಡು ಬಿದ್ದಿದ್ದವು, ಬಾಲ ಕೆಂಪಗೆ, ನೀರಿನ ಬಾಟ್ಲಿ ಖಾಲಿ. ಆವತ್ತೇ ಬೆಳಿಗ್ಗೆ ಒಬ್ಬ ಹುಡುಗ ಎಲ್‌ಪಿಎಸ್ ಕೊಟ್ಟಿದ್ದ. ಅವನ ಗ್ರಾಫ್ ಉಳಿದ ದಿನಗಳ ಗ್ರಾಫ್‌ಗೆ ಹೊಂದಲೇ ಇಲ್ಲ. ಥೀಸಿಸ್‌ನಲ್ಲಿ ಮಾತ್ರ ರೂಮ್ ಟೆಂಪರೇಚರ್ 22 ಪ್ಲಸ್ ಆರ್ ಮೈನಸ್ 2 ಅಂತಲೇ ಅಚ್ಚಾಯ್ತು. ನೀನು ಗೋಡೆಗೆ ಮ್ಯಾಕ್ಸ್-ಮಿನ್ ಥರ್ಮಾಮೀಟರ್ ಹಾಕು, ದಿನಾ ಎರಡು ಸಲ ಬರಿ, ಕರೆಂಟ್ ಹೋದದ್ದನ್ನೂ ಬರಿ. ಆಗೋದಾದರೆ ಪ್ರಯೋಗವನ್ನ ನವೆಂಬರ್-ಡಿಸೆಂಬರ್‌ಗೆ ಇಟ್ಕೋ.

ಕುಕನೂರು ಜೇನು (ಕೊಪ್ಪಳ)

ಮಧ್ಯೆ ಬಾಯಿ ಹಾಕ್ತೀನಿ. ನಾನು ಡಿಗ್ರಿ ಕಾಲೇಜಲ್ಲಿ ಮೈಕ್ರೊಬಯಾಲಜಿ ಹೇಳ್ಕೊಡೋದು, ಮನೇಲಿ ಜೇನುಪೆಟ್ಟಿಗೆ ಇದಾವೆ. ಜೇನು ಸಾಕೋರಿಗೆಲ್ಲ ಗೊತ್ತಿರೋ ವೈರಿ ಮೇಣದ ಹುಳು, ಗ್ಯಾಲೇರಿಯಾ ಮೆಲ್ಲೊನೆಲ್ಲಾ. ಹಳೇ ತಟ್ಟಿಯಲ್ಲಿ ಬಲೆ ಕಟ್ಟಿಕೊಂಡು ಮೇಣ ತಿಂತಿರುತ್ತೆ. ಅದೇ ಹುಳವನ್ನ ಈಗ ಸೋಂಕಿನ ಅಧ್ಯಯನಕ್ಕೆ ಬಳಸ್ತಾರೆ. ಹಿಂದಿನ ಮೆತ್ತನೆ ಕಾಲಿನ ಬುಡದಲ್ಲಿ ಸಣ್ಣ ಸಿರಿಂಜ್‌ನಿಂದ 10 ಮೈಕ್ರೊಲೀಟರ್ ಬ್ಯಾಕ್ಟೀರಿಯಾ, 37 ಡಿಗ್ರಿ ಇನ್‌ಕ್ಯುಬೇಟರ್. ಕೆನೆ ಬಣ್ಣದ ಹುಳ ಮೊದಲು ಚುಕ್ಕೆ ಚುಕ್ಕೆ ಕಪ್ಪಾಗಿ, ಆಮೇಲೆ ಪೂರ್ತಿ ಕಪ್ಪಾಗಿ ಸಾಯುತ್ತೆ. ಸೋಂಕು ತಾಗಿದ ಮೇಲೆ ಆ್ಯಂಟಿಬಯೊಟಿಕ್ ಕೊಟ್ಟರೆ ಉಳಿಯುತ್ತೆ. ಜೊತೆಗೆ ನಿಮ್ಮ ಸಾರ ಕೊಟ್ಟರೆ ಹೆಚ್ಚು ಉಳಿತಾವಾ ನೋಡಬಹುದು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಲ್ಲ ಇದರಲ್ಲಿ ಮಾಡಿದಾರೆ. ನಮ್ಮ ಕಮಿಟಿ ಹುಳಕ್ಕೆ ಫಾರ್ಮ್ ಬಿ ಕೇಳಲಿಲ್ಲ, ನಿಮ್ಮಲ್ಲಿ ಒಮ್ಮೆ ಕೇಳ್ಕೊಳ್ಳಿ. ಹುಳಕ್ಕೆ ಆ್ಯಂಟಿಬಾಡಿ, ಟಿ-ಸೆಲ್ ಯಾವುದೂ ಇಲ್ಲ, ಕಿಡ್ನಿ ಶ್ವಾಸಕೋಶದ ಪ್ರಶ್ನೆಯಂತೂ ಬರಲ್ಲ. ಆದರೆ ನಿಮ್ಮ ಥೀಸಿಸ್‌ನಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲ ಅನ್ನೋ ಮಾತು ತಪ್ಪುತ್ತೆ. ಪೆಟ್ಟಿಗೆಯಿಂದ ಹಿಡಿದ ಹುಳ ಬೇಡ, ಏನು ತಿಂದಿರುತ್ತೋ ಯಾವ ರೋಗ ಇರುತ್ತೋ ಗೊತ್ತಿರಲ್ಲ. ಒಂದು ಪೀಳಿಗೆ ಲ್ಯಾಬಲ್ಲೇ ಬೆಳೆಸಿ. ಬೇಕಾದರೆ ಮೊಟ್ಟೆ ನಾನು ಕೊಡ್ತೀನಿ.

ಕಂಪ್ಲಿ ದನದ ಡಾಕ್ಟ್ರು

ಇದು ನನಗೆ ಹೊಳೆದಿರಲಿಲ್ಲ, ಒಳ್ಳೇ ದಾರಿ. ತಗೋ ಅಮ್ಮ, ಮೊಟ್ಟೆ ಪುಕ್ಕಟೆ ಸಿಗ್ತಿದೆ.

ಮಿಂಚೇರಿ_ಹುಡುಗಿ

ಮೇಡಂ/ಸರ್, ಖಂಡಿತ ಬೇಕು, ಮೆಸೇಜ್ ಮಾಡ್ತೀನಿ. ಹಾಗಾದರೆ ಉತ್ತರ ಹೀಗೆ ಬರೆಯಲಾ: ಶೀರ್ಷಿಕೆ ಎಂಡೊಟಾಕ್ಸಿನ್ ಉರಿಯೂತ ಅಂತ ಬದಲು. ಸಾರ ಮುಂಚೆ ಕೊಡೋ ಒಂದು ಗುಂಪು, ಎಲ್‌ಪಿಎಸ್ ಆದ ಮೇಲೆ ಕೊಡೋ ಒಂದು ಗುಂಪು, ಎಲ್ಲರಿಗೂ ಸಲೈನ್. ಟಿಎನ್‌ಎಫ್ ಒಂದೂವರೆ ಗಂಟೆಗೆ, ಉಳಿದದ್ದು ಆರಕ್ಕೆ. ಜೀವಂತ ಬ್ಯಾಕ್ಟೀರಿಯಾ ಹುಳದಲ್ಲಿ, ಆ್ಯಂಟಿಬಯೊಟಿಕ್ ಜೊತೆ. ಸಿಎಲ್‌ಪಿ ಯಾಕೆ ಮಾಡ್ತಿಲ್ಲ ಅನ್ನೋದಕ್ಕೆ ಕಲಿಸೋರಿಲ್ಲ, ಕಲಿಕೆಗೇ ಇಲಿ ಹೋಗ್ತಾವೆ ಅಂತ ನೇರ ಬರೀತೀನಿ. ಸರ್ವೈವಲ್ ಬ್ಯಾಚ್ ಇರಲಾ? ರಾತ್ರಿ ಅನಿಮಲ್ ಹೌಸ್‌ಗೆ ಬೀಗ ಹಾಕ್ತಾರೆ, ವಾಚ್‌ಮನ್ ಮಾತ್ರ ಇರ್ತಾರೆ.

ಕಂಪ್ಲಿ ದನದ ಡಾಕ್ಟ್ರು

ಎಲ್‌ಪಿಎಸ್ ಕೊಟ್ಟ ಇಲಿ ಹೆಚ್ಚಾಗಿ ಸಾಯೋದು ಮೊದಲ ರಾತ್ರಿಯಿಂದ ಶುರುವಾಗಿ ಒಂದೆರಡು ದಿನದೊಳಗೆ. ರೋಮ ನಿಮಿರಿಸಿ, ಕಣ್ಣು ಮುಚ್ಚಿ, ಗೂನಾಗಿ ಮೂಲೆ ಸೇರಿದ ಪ್ರಾಣಿಯನ್ನ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಂದು ಎಷ್ಟು ಸತ್ತಿವೆ ಎಣಿಸೋದು ಬೇಡ. ಮೈ ಕಾವು ಇಷ್ಟಕ್ಕಿಂತ ಇಳಿದರೆ, ತಟ್ಟಿದರೂ ಏಳದಿದ್ದರೆ, ನೋವಿಲ್ಲದೆ ಮುಗಿಸ್ತೀವಿ ಅಂತ ಮೊದಲೇ ಬರೆದಿಡಬೇಕು. ಎಷ್ಟು ಡಿಗ್ರಿ ಅನ್ನೋದನ್ನ ನಾಲ್ಕಾರು ಇಲಿಯ ಪೈಲಟ್‌ನಲ್ಲಿ ನೋಡಿ ಗೊತ್ತು ಮಾಡ್ಕೋ. ಅದನ್ನ ರಾತ್ರಿ ಎರಡಕ್ಕೂ ಬಂದು ನೋಡೋ ಮನುಷ್ಯ ಬೇಕು, ಅದು ವಾಚ್‌ಮನ್ ಕೆಲಸ ಅಲ್ಲ. ಆ ಮನುಷ್ಯ ಇಲ್ಲ ಅಂದರೆ ಸರ್ವೈವಲ್ ಬ್ಯಾಚ್ ತೆಗೆದುಹಾಕು. ಆರು ಗಂಟೆಗೆ ರಕ್ತ ತೆಗೆದು, ಅರಿವಳಿಕೆಯಲ್ಲೇ ಮುಗಿಸಿ, ಲಿವರ್ ಕಿಡ್ನಿ ಫಾರ್ಮಲಿನ್‌ಗೆ ಹಾಕು. ಇಲಿಯ ಸಂಖ್ಯೆಯೂ ಇಳಿಯುತ್ತೆ, ಮುಂದಿನ ಮೀಟಿಂಗ್‌ನಲ್ಲೇ ಪಾಸಾಗುತ್ತೆ.

ಮಿಂಚೇರಿ_ಹುಡುಗಿ

ತೆಗೆದುಹಾಕ್ತೀನಿ ಸರ್. ಗೈಡ್ ಸಹಿ ಆದ ಮೇಲೆ ಏನಾಯ್ತು ಅಂತ ಇಲ್ಲೇ ಬರೀತೀನಿ.